ಐರಣಿಯಿಂದ ಗೊಟಗೋಡಿಗೆ

ಹರಿಹರ ದಾಟಿದ ತುಂಗಭದ್ರೆ ಬಡಗಣ ದಿಕ್ಕು ಹಿಡಿಯುತ್ತಾಳೆ. ಅವಳ ಎಡದಂಡೆಯ ಉದ್ದಕ್ಕೂ ರಾಣೆಬೆನ್ನೂರು ತಾಲೂಕಿನ ಹೊಳೆಸಾಲಿನ ಊರುಗಳು. ಐರಣಿ ಅವುಗಳಲ್ಲಿ ಹಳೆಯದು, ಒಂದು ಕಾಲಕ್ಕೆ ಕೋಟೆಯಿಂದ ಹೆಸರಾಗಿದ್ದದ್ದು. ಈಗ ಐರಣಿ ಎಂದರೆ ಜನ ನೆನೆಯುವುದು ಮುಪ್ಪಿನಾರ್ಯರ ಹೊಳೆಮಠವನ್ನು. ಕೋಟೆ ನೋಡಲಿಕ್ಕೆಂದೇ ಬರುವವರು ಕಡಿಮೆ. ಬಂದವರಿಗೆ ಟಿಕೆಟಿಲ್ಲ, ಫಲಕವಿಲ್ಲ, ಮಾರ್ಗದರ್ಶಿಯಿಲ್ಲ. ಕಟ್ಟೆಯ ಮೇಲೆ ಕೂತ ಹಿರಿಯರೊಬ್ಬರು ಕೈಯೆತ್ತಿ ತೋರಿಸಿದ ದಿಕ್ಕಿಗೆ ನಡೆಯುವುದಷ್ಟೆ.

ಹಾವೇರಿ ಜಿಲ್ಲೆಯಲ್ಲಿ ಬಯಲಿನಲ್ಲಿ ನಿಂತ ಕಲೆ ನೋಡಬೇಕೆಂದರೆ ಎಲ್ಲರೂ ಶಿಗ್ಗಾವಿ ತಾಲೂಕಿನ ಗೊಟಗೋಡಿಗೆ ಹೋಗುತ್ತಾರೆ. ಅಲ್ಲಿ ಹೆದ್ದಾರಿಯ ಮಗ್ಗುಲಿಗೆ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವಿದೆ. ಅದೇ ಊರಿನಲ್ಲಿ ಟಿ.ಬಿ. ಸೊಲಬಕ್ಕನವರ ಕಟ್ಟಿದ ಉತ್ಸವ ರಾಕ್ ಗಾರ್ಡನ್ ಇದೆ. ಒಂದು ದಿನದ ಅಡ್ಡಾಟಕ್ಕೆ ಇವೆರಡೂ ಸಾಕು ಎನ್ನುವವರಿದ್ದಾರೆ. ನನ್ನ ತಕರಾರು ಇಷ್ಟೆ: ಗೊಟಗೋಡಿಗೆ ಮೊದಲು ಹೋಗಬೇಡಿ. ಮೊದಲು ಐರಣಿಯಂಥ ಊರಿನಲ್ಲಿ ಒಂದು ಬೆಳಗು ಕಾಲಾಡಿಸಿ ಬನ್ನಿ. ಇಲ್ಲದಿದ್ದರೆ ಅಲ್ಲಿ ನಿಂತ ಸಿಮೆಂಟಿನ ರೈತ, ಸಿಮೆಂಟಿನ ಕುರುಬ, ಸಿಮೆಂಟಿನ ಎಮ್ಮೆ ಎಲ್ಲವೂ ಫೋಟೋಕ್ಕೆ ಹಿನ್ನೆಲೆಯಾಗಿ ಮುಗಿದುಹೋಗುತ್ತವೆ.

ಐರಣಿಯ ನಡಿಗೆಯನ್ನು ಕೋಟೆಯಿಂದಲೇ ಹಿಡಿಯಬಹುದು. ಹೊಳೆಯ ಬದಿಗೆ ಯಾಕೊಂದು ಕೋಟೆ ಎಂಬುದಕ್ಕೆ ಉತ್ತರ ನೀರಿನಲ್ಲಿಯೇ ಇದೆ. ಬೇಸಿಗೆಯಲ್ಲಿ ತುಂಗಭದ್ರೆಯನ್ನು ಹಲವು ಕಡೆ ಕಾಲಿನಿಂದ ಹಾಯಬಹುದು. ಮುಂಗಾರು ಹತ್ತಿದರೆ ಹರಿಗೋಲೇ ಗತಿ. ಸೈನ್ಯ, ಎತ್ತು, ಸರಕು ಯಾವುದೇ ಈ ದಂಡೆಯಿಂದ ಆ ದಂಡೆಗೆ ಹೋಗಬೇಕಾದರೂ ಹಾಯುವ ಜಾಗ ಯಾರ ಕೈಯಲ್ಲಿದೆ ಎಂಬುದೇ ಮುಖ್ಯ. ಹಾಗಾಗಿ ಹೊಳೆಯ ಎರಡೂ ಬದಿಗೆ ಕೋಟೆ ಕೊತ್ತಳಗಳ ಸಾಲು. ವಿಜಯನಗರ, ಬಿಜಾಪುರ, ಕೆಳದಿ, ಹೈದರ್, ಟಿಪ್ಪು, ಪೇಶ್ವೆ ಎಂದು ಈ ಸೀಮೆ ಕೈ ಬದಲಾಯಿಸಿದಷ್ಟು ಸಲ ಇಲ್ಲಿನ ರೈತ ಕಂದಾಯದ ಕಟ್ಟೆಯನ್ನೂ ಬದಲಾಯಿಸಿರಬೇಕು.

1800ರ ಮುಂಗಾರು ಇಲ್ಲಿಗೆ ಒಬ್ಬ ಅಪರೂಪದ ಅತಿಥಿಯನ್ನು ತಂದಿತು. ಶ್ರೀರಂಗಪಟ್ಟಣದ ಸೆರೆಯಲ್ಲಿದ್ದ ಧೋಂಡಿಯಾ ವಾಘ್ 1799ರಲ್ಲಿ ಟಿಪ್ಪು ಮಡಿದ ಮೇಲೆ ಬಿಡುಗಡೆಯಾಗಿ, ಚೆದುರಿದ ಸಿಪಾಯಿಗಳನ್ನು ಕೂಡಿಸಿಕೊಂಡು, ಎರಡು ಲೋಕಗಳ ದೊರೆ ಎಂದು ತನ್ನನ್ನು ತಾನೇ ಕರೆದುಕೊಂಡು ಈ ಭಾಗದ ಕೋಟೆಗಳನ್ನು ಹಿಡಿದಿದ್ದ. ಅವನ ಬೆನ್ನು ಹತ್ತಿ ಹರಿಹರದ ಬಳಿ ಹೊಳೆ ದಾಟಿದವನು ಕರ್ನಲ್ ಆರ್ಥರ್ ವೆಲ್ಲೆಸ್ಲಿ, ಮುಂದೆ ವೆಲಿಂಗ್ಟನ್ ಎಂದು ಹೆಸರಾಗಿ ವಾಟರ್ಲೂದಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನು. ಐರಣಿ ಕೋಟೆ ಅವನ ಕೈಸೇರಿತು. ಜೂನ್ 27ಕ್ಕೆ ರಾಣೆಬೆನ್ನೂರು ಕೋಟೆಯ ಮೇಲೆ ದಾಳಿಯಾಯಿತು. ಧೋಂಡಿಯಾನನ್ನು ಅಲ್ಲಿಂದ ಮೇಲಕ್ಕೆ ಬೆನ್ನಟ್ಟಿ ಸೆಪ್ಟೆಂಬರ್ 10ರಂದು ಕೋನಗಲ್ಲಿನಲ್ಲಿ ಕೊಂದರು. ಅವನ ಎಳೆಯ ಮಗ ಸಲಾಬತ್ ಖಾನನನ್ನು ಸಾಕುವ ಹೊಣೆಯನ್ನು ಕೊಂದವನೇ ಹೊತ್ತುಕೊಂಡ. ಯುರೋಪಿನ ಚರಿತ್ರೆಯಲ್ಲಿ ಅಷ್ಟು ದೊಡ್ಡದಾಗಿ ಬರೆದ ಹೆಸರೊಂದು ನಮ್ಮ ಹೊಳೆದಂಡೆಯ ಮಣ್ಣು ತುಳಿದು ಹೋಯಿತು ಎಂಬುದಕ್ಕೆ ಐರಣಿಯಲ್ಲಿ ಒಂದು ಕಲ್ಲೂ ನೆಟ್ಟಿಲ್ಲ. ನೆಡದಿದ್ದರೂ ನಷ್ಟವೇನಿಲ್ಲ ಬಿಡಿ.

ಅದಕ್ಕಿಂತ ಹತ್ತಿರದ ಇನ್ನೊಂದು ಸಂಗತಿಯಿದೆ. ದಂಡೆಯ ಮೇಲೆ ನಿಂತು ಆಚೆ ನೋಡಿದರೆ ಕಾಣುವುದು ದಾವಣಗೆರೆ ಜಿಲ್ಲೆಯ ಹರಿಹರ ತಾಲೂಕು. 1956ರ ನವೆಂಬರ್ 1ರವರೆಗೆ ಅದು ಬೇರೆ ರಾಜ್ಯವಾಗಿತ್ತು. ಈಚೆ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆ, ಆಚೆ ಮೈಸೂರು. ಒಂದೇ ಭಾಷೆ, ಒಂದೇ ರೊಟ್ಟಿ, ಹೆಣ್ಣು ಕೊಟ್ಟು ತಂದುಕೊಳ್ಳುವ ನಂಟು, ಆದರೆ ಕಚೇರಿ ಕಾನೂನು ಎರಡು. ಈಚೆಯವರ ಜಮೀನಿನ ದಾವೆ ಮುಂಬಯಿಯವರೆಗೆ ಹೋಗುತ್ತಿತ್ತು, ಆಚೆಯವರದು ಬೆಂಗಳೂರಿಗೆ. ಎರಡನ್ನೂ ಜೋಡಿಸಿದ್ದು 1868ರಲ್ಲಿ ಮುಗಿದ ಹರಿಹರದ ಕಲ್ಲಿನ ಕಮಾನು ಸೇತುವೆ. ಏಕೀಕರಣದ ಚರಿತ್ರೆ ಬರೆಯುವವರು ಧಾರವಾಡದ ಸಭೆಗಳಿಂದ ಆರಂಭಿಸುತ್ತಾರೆ. ಹೊಳೆ ದಾಟಿ ಬೀಗತನ ಮಾಡಿದವರನ್ನು ಯಾರೂ ಲೆಕ್ಕಕ್ಕೆ ಹಿಡಿದಿಲ್ಲ.

ಹೊಳೆಯ ಮಾತು ಬಂದ ಮೇಲೆ ಕುಮಾರಪಟ್ಟಣದ ಮಾತನ್ನು ಬಿಡುವ ಹಾಗಿಲ್ಲ. ಹರಿಹರದ ಎದುರಿಗೆ, ರಾಣೆಬೆನ್ನೂರು ತಾಲೂಕಿನ ದಂಡೆಯಲ್ಲಿ 1972ರಲ್ಲಿ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಶುರುವಾಯಿತು. ನೀಲಗಿರಿ ಮರವನ್ನು ಅರೆದು ರೇಯಾನಿಗೆ ಬೇಕಾದ ತಿರುಳು ಮಾಡುವ ಕಾರ್ಖಾನೆ. ಅದರಿಂದ ಹೊಳೆಗೆ ಇಳಿದ ನೀರಿನ ಬಗ್ಗೆ, ಸತ್ತು ತೇಲಿದ ಮೀನುಗಳ ಬಗ್ಗೆ 1980ರ ದಶಕದಲ್ಲಿ ಕೆಳಗಿನ ಹಳ್ಳಿಗಳು ಎಬ್ಬಿಸಿದ ಕೂಗು ದೊಡ್ಡ ಚಳವಳಿಯಾಯಿತು. ತುಂಗಭದ್ರಾ ಪರಿಸರ ಸಮಿತಿ, ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಮುಂದೆ ನಿಂತವು. ಕಾರ್ಖಾನೆಗೆ ಮರ ಒದಗಿಸಲು ಸರ್ಕಾರ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಜಂಟಿ ಕಂಪನಿ ಮಾಡಿ ಹಳ್ಳಿಗಳ ಬಯಲನ್ನು ಗುತ್ತಿಗೆಗೆ ಕೊಡಹೊರಟಾಗ, 1987ರ ನವೆಂಬರ್ 14ರಂದು ಹಾನಗಲ್ ತಾಲೂಕಿನ ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು ಉಪಯೋಗದ ಗಿಡ ಹಚ್ಚಿದರು. ಕಿತ್ತಿಕೋ ಹಚ್ಚಿಕೋ ಸತ್ಯಾಗ್ರಹ ಎಂದೇ ಅದಕ್ಕೆ ಹೆಸರು. ಶಿವರಾಮ ಕಾರಂತರ ಹೆಸರಿನಲ್ಲಿ ಸುಪ್ರೀಂ ಕೋರ್ಟಿಗೂ ಅರ್ಜಿ ಹೋಯಿತು. 1991ರಲ್ಲಿ ಆ ಕಂಪನಿಗೆ ಬೀಗ ಬಿತ್ತು.

ಇದನ್ನು ನೆನಪಿಟ್ಟುಕೊಂಡು ನಡೆದರೆ ಜಿಲ್ಲೆಯ ಬಯಲುಗಳು ಬೇರೆಯಾಗಿ ಕಾಣುತ್ತವೆ. ರಾಣೆಬೆನ್ನೂರಿನ ಸುತ್ತಲಿನ ಹುಲ್ಲುಗಾವಲಿನಲ್ಲಿ 119 ಚದರ ಕಿಲೋಮೀಟರ್ ಜಾಗವನ್ನು 1974ರಲ್ಲಿ ಕೃಷ್ಣಮೃಗ ಅಭಯಾರಣ್ಯ ಎಂದು ಘೋಷಿಸಿದರು. ಆದರೆ ಅದಕ್ಕೂ ಮುಂಚೆಯೇ ಆ ಬಯಲಿನಲ್ಲಿ ನೀಲಗಿರಿ ನೆಟ್ಟಾಗಿತ್ತು. ಬೀಳು ಬಿದ್ದ ನೆಲ ಹಸಿರಾಗಲಿ ಎಂಬ ಸದುದ್ದೇಶ. ಹುಲ್ಲು ಬೀಳು ಅಲ್ಲ, ಅದೇ ಒಂದು ಕಾಡು ಎಂದು ಆಗ ಹೇಳುವವರಿರಲಿಲ್ಲ. ಚಿಗರಿ ಹೇಗೋ ಹೊಂದಿಕೊಂಡಿತು. ಹೊಲಕ್ಕೆ ನುಗ್ಗಿ ಗೋವಿನಜೋಳ ಮೇಯ್ದು ರೈತರಿಂದ ಬೈಸಿಕೊಳ್ಳುತ್ತ ಬದುಕಿಕೊಂಡಿದೆ. ಎರೆಭೂತಕ್ಕೆ ಅದಾಗಲಿಲ್ಲ. ಮೊಣಕಾಲೆತ್ತರದ ಹುಲ್ಲಿನಲ್ಲಿ ತಲೆಯೆತ್ತಿ ದೂರದ ಅಪಾಯ ನೋಡಿ ಬಾಳುವ ಹಕ್ಕಿಗೆ ಮರಗಳ ಸಾಲು ಕುರುಡುಗೋಡೆಯಾಯಿತು. ಒಂದು ಕಾಲಕ್ಕೆ ಈ ಅಭಯಾರಣ್ಯದ ಹೆಮ್ಮೆಯಾಗಿದ್ದ ಆ ಹಕ್ಕಿ ಈಗ ಫಲಕದ ಮೇಲಿನ ಚಿತ್ರ.

ಐರಣಿಯ ಹೊಲಗಳ ಕಡೆ ಬರೋಣ. ಈ ತಾಲೂಕು ಈಗ ಹತ್ತಿ ಮತ್ತು ತರಕಾರಿಯ ಹೈಬ್ರಿಡ್ ಬೀಜೋತ್ಪಾದನೆಗೆ ಹೆಸರುವಾಸಿ, ಗೋವಿನಜೋಳವಂತೂ ಎಲ್ಲೆಲ್ಲೂ. ಬಿತ್ತನೆಗೆ ಟ್ರ್ಯಾಕ್ಟರ್ ಕೂರಿಗೆ ಬಂದು ಬಹಳ ಕಾಲವಾಯಿತು. ಆದರೂ ಹಳೆಯ ಮನೆಗಳ ಅಟ್ಟದ ಮೇಲೋ ದನದ ಕೊಟ್ಟಿಗೆಯ ಮೂಲೆಯಲ್ಲೋ ಕಟ್ಟಿಗೆಯ ಕೂರಿಗೆಯ ಬಿಡಿಭಾಗ ಸಿಗುತ್ತವೆ. ಸಿಕ್ಕರೆ ಕೆಳಗಿಳಿಸಿ ನೋಡಿ, ಗೊಟಗೋಡಿಯಲ್ಲಿ ಉಪಯೋಗಕ್ಕೆ ಬರುತ್ತದೆ. ಅಡ್ಡಕ್ಕೆ ಒಂದು ದಪ್ಪ ದಿಂಡು, ಅದಕ್ಕೆ ಕೆಳಮುಖವಾಗಿ ಬಡಿದ ತಾಳುಗಳು, ಪ್ರತಿ ತಾಳಿನ ಬೆನ್ನಿಗೆ ಒಂದೊಂದು ಬಿದಿರಿನ ಕೊಳವೆ, ಕೊಳವೆಗಳೆಲ್ಲ ಮೇಲೆ ಬಂದು ಕೂಡುವಲ್ಲಿ ತೂತು ಕೊರೆದ ಮರದ ಬಟ್ಟಲು. ಮುಂದೆ ಈಸು, ನೊಗ. ಗಂಡಸು ಎತ್ತು ಹೊಡೆದರೆ ಹಿಂದೆ ನಡೆಯುವ ಹೆಂಗಸು ಬಟ್ಟಲಿಗೆ ಬೀಜ ಬಿಡಬೇಕು. ಬೊಗಸೆಯಲ್ಲ, ಸುರಿಯುವುದಲ್ಲ. ಮುಷ್ಟಿಯೊಳಗಿಂದ ಬೆರಳ ಸಂದಿಯಲ್ಲಿ ಕಾಳು ಜಾರಬೇಕು, ಬಟ್ಟಲಿನ ಎಲ್ಲ ತೂತಿಗೂ ಸಮನಾಗಿ ಬೀಳಬೇಕು, ಎತ್ತಿನ ನಡಿಗೆಗೆ ಕೈ ಹೊಂದಬೇಕು. ಎತ್ತು ಬಿರುಸಾದರೆ ಕೈಯೂ ಬಿರುಸು. ಕೈ ತಪ್ಪಿದ್ದು ಅಂದೇ ಗೊತ್ತಾಗುವುದಿಲ್ಲ. ವಾರ ಬಿಟ್ಟು ಮೊಳಕೆ ಮೇಲೆ ಬಂದಾಗ ಸಾಲಿನಲ್ಲಿ ಬೋಳು ಬಿದ್ದ ಜಾಗ ಇಡೀ ಊರಿಗೆ ಕಾಣುತ್ತದೆ. ಒಳ್ಳೆಯ ಬಿತ್ತುಗೈಯ ಹೆಂಗಸರನ್ನು ಪಕ್ಕದ ಊರಿನವರೂ ಕರೆಯುತ್ತಿದ್ದರು. ಯಂತ್ರದ ಕೂರಿಗೆ ಬಂದ ಮೇಲೆ ಎತ್ತಿನ ಕೆಲಸ ಹೋಯಿತು ಎಂದು ಎಲ್ಲರೂ ಬರೆದರು. ಈ ಕೈಯ ಕೆಲಸ ಹೋದದ್ದನ್ನು ಬರೆದವರು ಕಡಿಮೆ.

ಹತ್ತಿರದ ಮೆಡ್ಲೇರಿ ಬೀರೇಶ್ವರನ ಊರು, ಕುರುಬರ ಕಂಬಳಿಯ ಊರು. ಕುರಿಯ ಉಣ್ಣೆ ಹಿಂಜಿ, ನೂತು, ಹಾಸುನೂಲಿಗೆ ಹುಣಸೆಬೀಜದ ಗಂಜಿ ಬಳಿದು ಬಿಸಿಲಿಗೆ ಹುರಿಗಟ್ಟಿಸಿ ಕುಣಿಮಗ್ಗದಲ್ಲಿ ನೇಯ್ದ ಕಂಬಳಿ ಮಳೆಗೂ ಚಳಿಗೂ ಒಂದೇ. ದಸರೆಯ ಹೊತ್ತಿಗೆ ಇದೇ ತಾಲೂಕಿನ ದೇವರಗುಡ್ಡದಲ್ಲಿ ಮಾಲತೇಶನ ಕಾರಣಿಕ. ಕರಿ ಕಂಬಳಿಯ ಗೊರವಯ್ಯ ಬಿಲ್ಲೇರಿ ನಿಂತು ಒಂದೇ ಮಾತಿನಲ್ಲಿ ವರ್ಷದ ಭವಿಷ್ಯ ನುಡಿದು ಕೆಳಕ್ಕೆ ಬೀಳುತ್ತಾನೆ. ಮರುದಿನ ಪತ್ರಿಕೆಗಳಲ್ಲಿ ಆ ಒಂದು ಸಾಲಿಗೆ ರಾಜಕಾರಣಿಗಳೂ ರೈತರೂ ಅವರವರಿಗೆ ಬೇಕಾದ ಅರ್ಥ ಹಚ್ಚುತ್ತಾರೆ. ದೀಪಾವಳಿ ಬಂದರೆ ಹೋರಿ ಬೆದರಿಸುವ ಹುಚ್ಚು. ಕೊಂಬಿಗೆ ರಿಬ್ಬನ್ನು, ಕೊರಳಿಗೆ ಒಣಕೊಬ್ಬರಿಯ ಸರ, ಬೆನ್ನಿಗೆ ಝೂಲ, ಸಿನಿಮಾ ನಾಯಕರಿಗೂ ಸಿಗದ ಬಿರುದು. ಬಯಲ ಕಲೆ ಎಂಬುದು ಇಲ್ಲಿ ನಿಂತು ನೋಡಿಸಿಕೊಳ್ಳುವುದಿಲ್ಲ, ಮೈಮೇಲೆ ನುಗ್ಗಿ ಬರುತ್ತದೆ.

ಐರಣಿಯಿಂದ ರಾಣೆಬೆನ್ನೂರಿಗೆ ಬಂದು ಹೆದ್ದಾರಿ ಹಿಡಿದರೆ ದಾರಿಯಲ್ಲಿ ಮೋಟೆಬೆನ್ನೂರು. ಗಾಂಧೀಜಿಯ ದಂಡಿ ನಡಿಗೆಯಲ್ಲಿ ಹೆಜ್ಜೆ ಹಾಕಿದ ಮೈಲಾರ ಮಹದೇವ ಹುಟ್ಟಿದ ಊರು. ಒಳಕ್ಕೆ ತಿರುಗಿದರೆ ಬ್ಯಾಡಗಿ, ಮೆಣಸಿನಕಾಯಿಯ ಹಂಗಾಮಿನಲ್ಲಿ ಸೀನದೆ ಪೇಟೆ ದಾಟಲಾಗದ ಊರು. ಅಲ್ಲಿ ನಿಲ್ಲದಿದ್ದರೂ ಹಾವೇರಿಯಲ್ಲಿ ನಿಲ್ಲಲೇಬೇಕು. ಕಲ್ಯಾಣದ ಚಾಲುಕ್ಯರ ಕಾಲದ ಸಿದ್ಧೇಶ್ವರ ಗುಡಿ ಅಲ್ಲಿದೆ. ಗುಡಿ ಪಡುವಣಕ್ಕೆ ಮುಖ ಮಾಡಿದೆ ಎಂಬುದನ್ನು ಎಲ್ಲ ಪುಸ್ತಕಗಳೂ ಹೇಳುತ್ತವೆ. ನಾನು ಹೇಳುವುದು ಆವರಣದಲ್ಲಿ ನಿಲ್ಲಿಸಿದ ವೀರಗಲ್ಲುಗಳ ಬಗ್ಗೆ. ಅವುಗಳನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಯಲ್ಲಿ ಕಾದಾಟ, ಕತ್ತಿ, ಗುರಾಣಿ, ಕೆಲವು ಕಡೆ ತುರುಗಳು. ನಡುವೆ ಅಪ್ಸರೆಯರು ಸತ್ತವನನ್ನು ಎರಡೂ ಬದಿಗೆ ಹಿಡಿದು ಒಯ್ಯುತ್ತಿದ್ದಾರೆ. ಮೇಲೆ ಶಿವಲಿಂಗ, ಪೂಜಾರಿ, ನಂದಿ, ಅದರ ಮುಂದೆ ಆ ವೀರ ಕೈಮುಗಿದು ಕೂತಿದ್ದಾನೆ. ಮೇಲೆ ಸೂರ್ಯ, ಚಂದ್ರ. ಒಬ್ಬ ಸಾಮಾನ್ಯ ಊರಿನವ ದನ ಬಿಡಿಸಿಕೊಳ್ಳಲು ಹೋಗಿ ಸತ್ತದ್ದನ್ನು ಮೂರು ಅಂತಸ್ತಿನಲ್ಲಿ ಕೆತ್ತಿದ ಕಲ್ಲು. ಇದು ನಮ್ಮ ಜಿಲ್ಲೆಯ ಮೊದಲ ಬಯಲು ಶಿಲ್ಪೋದ್ಯಾನ, ಯಾರೂ ಟಿಕೆಟ್ಟು ಹಚ್ಚದೆ ಊರೂರಿನ ಕೆರೆಯ ಏರಿಯ ಮೇಲೆ ನಿಂತದ್ದು. ಹಳ್ಳಿಯವನ ಮುಖವನ್ನು ಹಳ್ಳಿಯ ಹೊರಗೆ ನಿಲ್ಲಿಸುವ ಕೆಲಸ ಸೊಲಬಕ್ಕನವರಿಗಿಂತ ಸಾವಿರ ವರ್ಷ ಮುಂಚೆ ಇಲ್ಲಿ ಆಗಿಹೋಗಿದೆ.

ಇನ್ನು ಗೊಟಗೋಡಿ. ರಾಣೆಬೆನ್ನೂರಿನ ಒಣ ಸೀಮೆ ಬಿಟ್ಟು ಶಿಗ್ಗಾವಿಗೆ ಬರುವಷ್ಟರಲ್ಲಿ ಮಲೆನಾಡಿನ ಸೆರಗು ತಾಕುತ್ತದೆ. ಮಣ್ಣು ಕೆಂಪಾಗುತ್ತದೆ, ಮಾವು ಕಾಣಿಸಿಕೊಳ್ಳುತ್ತದೆ. ಜಾನಪದ ವಿಶ್ವವಿದ್ಯಾಲಯ ಇಲ್ಲಿ 2011ರಲ್ಲಿ ನೆಲೆಯಾಯಿತು. ಜಾನಪದಕ್ಕೆಂದೇ ಇರುವ ವಿಶ್ವವಿದ್ಯಾಲಯ ಜಗತ್ತಿನಲ್ಲಿ ಇದೇ ಮೊದಲು ಎಂದು ಅದು ಹೇಳಿಕೊಳ್ಳುತ್ತದೆ. ಮೊದಲ ಕುಲಪತಿ ಅಂಬಳಿಕೆ ಹಿರಿಯಣ್ಣ. ರಾಜಧಾನಿಯಲ್ಲಲ್ಲದೆ ಹೆದ್ದಾರಿಯ ಬದಿಯ ಒಂದು ಹಳ್ಳಿಯಲ್ಲಿ ಇದನ್ನು ಕಟ್ಟಿದ್ದಕ್ಕೆ ಮೂಗು ಮುರಿದವರಿದ್ದರು. ನನಗೆ ಅದು ಸರಿಯಾದ ಜಾಗವೆಂದೇ ಅನ್ನಿಸುತ್ತದೆ. ಸಂತ ಶಿಶುನಾಳ ಶರೀಫರ ಊರೂ ಕನಕದಾಸರ ಬಾಡವೂ ಇದೇ ತಾಲೂಕಿನಲ್ಲಿವೆ. ದೊಡ್ಡಾಟ, ಸಣ್ಣಾಟ, ಲಾವಣಿ, ಭಜನಾ ಮೇಳ ಸುತ್ತಲಿನ ಹಳ್ಳಿಗಳಲ್ಲಿ ಇಂದಿಗೂ ಜೀವ ಹಿಡಿದಿವೆ. ಪಾಠ ಕೇಳಿದ ವಿದ್ಯಾರ್ಥಿ ಸಂಜೆ ಬಸ್ಸು ಹತ್ತಿ ಹಾಡುವವರ ಮನೆಗೇ ಹೋಗಬಹುದು.

ಆವರಣದಲ್ಲಿ ಅಡ್ಡಾಡುವವರು ಕಟ್ಟಡಗಳಿಗೆ ಹೆಚ್ಚು ಹೊತ್ತು ಕೊಡಬೇಕಿಲ್ಲ. ಮೈಸೂರಿನ ಮಾನಸಗಂಗೋತ್ರಿಯಂತೆ ಇಲ್ಲಿ ಅರಮನೆಯಿಲ್ಲ, ಕುಕ್ಕರಹಳ್ಳಿಯಂಥ ಕೆರೆಯಿಲ್ಲ. ಅಲ್ಲಿನ ಜಯಲಕ್ಷ್ಮೀ ವಿಲಾಸ ಅರಮನೆಯ ಜಾನಪದ ಸಂಗ್ರಹಾಲಯಕ್ಕಾಗಿ ಚಿತ್ರಕಾರ ಪಿ.ಆರ್. ತಿಪ್ಪೇಸ್ವಾಮಿ ಊರೂರು ಅಲೆದು ಒಟ್ಟುಗೂಡಿಸಿದಂಥ ವಸ್ತುಗಳ ರಾಶಿಗೆ ಸಾಟಿಯಾಗುವುದೂ ಸುಲಭವಲ್ಲ. ರಾಮನಗರದಲ್ಲಿ ಎಚ್.ಎಲ್. ನಾಗೇಗೌಡರ ಜಾನಪದ ಲೋಕ ಇನ್ನೊಂದು ಎತ್ತರ. ಗೊಟಗೋಡಿ ಇವುಗಳಿಗಿಂತ ಕಿರಿಯದು, ಇನ್ನೂ ಮೈತುಂಬುತ್ತಿರುವ ಆವರಣ. ನೋಡಬೇಕಾದದ್ದು ನೆಲವನ್ನು, ಗಿಡವನ್ನು, ಹೊಸದಾಗಿ ಹಚ್ಚಿದ್ದರಲ್ಲಿ ಯಾವುದು ಊರಿನ ಗಿಡ, ಯಾವುದು ನರ್ಸರಿಯ ಗಿಡ ಎಂಬುದನ್ನು. ಬೇವು, ಬನ್ನಿ, ಆಲ, ಅತ್ತಿ, ಮುತ್ತುಗ ಒಂದೊಂದಕ್ಕೂ ನಮ್ಮ ಜಾನಪದದಲ್ಲಿ ಒಂದು ಹಬ್ಬವೋ ಒಂದು ಆಣೆಯೋ ಒಂದು ಔಷಧವೋ ಅಂಟಿಕೊಂಡಿದೆ. ಜಾನಪದ ಓದುವವರ ಅಂಗಳದಲ್ಲಿ ಗಿಡವೂ ಪಠ್ಯವೇ. ಕುಸನೂರಿನ ಜನ ಯಾವುದನ್ನು ಕಿತ್ತು ಯಾವುದನ್ನು ಹಚ್ಚಿದರು ಎಂಬುದನ್ನು ಬಲ್ಲವನಿಗೆ ಇಲ್ಲಿನ ಪ್ರತಿ ಸಸಿಯನ್ನೂ ಕೇಳಲು ಒಂದು ಪ್ರಶ್ನೆಯಿರುತ್ತದೆ.

ರಾಕ್ ಗಾರ್ಡನ್ನಿನದು ಬೇರೆಯೇ ಗತ್ತು. ಟಿ.ಬಿ. ಸೊಲಬಕ್ಕನವರ ಇದೇ ಸೀಮೆಯವರು, ಚಿತ್ರಕಾರರು, ಶಿಲ್ಪಿಗಳು, ದೊಡ್ಡಾಟಕ್ಕೆ ಮೈಸೋತವರು. 2020ರ ನವೆಂಬರಿನಲ್ಲಿ ತೀರಿಕೊಂಡರು. ಸಾವಿರಕ್ಕೂ ಮಿಕ್ಕ ಶಿಲ್ಪಗಳ ಈ ತೋಟವನ್ನು ಅವರ ಮಗಳು ವೇದಾರಾಣಿ ಮತ್ತು ಅಳಿಯ ಪ್ರಕಾಶ ದಾಸನೂರ ಬೆಳೆಸಿಕೊಂಡು ಬಂದಿದ್ದಾರೆ. ರಾಕ್ ಗಾರ್ಡನ್ ಎಂದ ಕೂಡಲೇ ನೆನಪಾಗುವುದು ಚಂಡೀಗಢದ ನೇಕ್ ಚಂದ್. ಆತ ಒಡೆದ ಬಳೆ, ಪಿಂಗಾಣಿ ಚೂರುಗಳಿಂದ ಒಂದು ಕನಸಿನ ರಾಜ್ಯ ಕಟ್ಟಿದ. ಸೊಲಬಕ್ಕನವರದು ಕನಸಲ್ಲ, ದಾಖಲೆ. ಕಬ್ಬಿಣದ ಸರಳು, ಜಾಳಿಗೆ, ಸಿಮೆಂಟು ಬಳಸಿ, ಸುತ್ತಲಿನ ಹಳ್ಳಿಗಳ ಜನರನ್ನೇ ಮಾದರಿಯಾಗಿಟ್ಟುಕೊಂಡು ಆಳೆತ್ತರದ ಆಕೃತಿಗಳು. ದೂರದಿಂದ ನೋಡಿದರೆ ಯಾರೋ ನಿಜವಾದ ಮುದುಕ ಕೂತಿದ್ದಾನೆಂದು ಮಾತಾಡಿಸಹೋಗುವ ಮಟ್ಟಿಗೆ ಸಹಜ. ಕೊಲ್ಹಾಪುರದ ಹತ್ತಿರ ಕನೇರಿ ಮಠದಲ್ಲಿ ಕೂಡ ಹಳ್ಳಿಯ ಬದುಕನ್ನು ಹೀಗೆ ಸಿಮೆಂಟಿನಲ್ಲಿ ಎರಕ ಹೊಯ್ದಿದ್ದಾರೆ. ಎರಡನ್ನೂ ನೋಡಿದವರು ಯಾವುದು ಮೇಲು ಎಂದು ಜಗಳಾಡುವುದುಂಟು. ನನ್ನ ಓಟು ಗೊಟಗೋಡಿಗೆ, ಕಾರಣ ಇಲ್ಲಿನ ಮುಖಗಳು. ಇವು ನಮ್ಮ ಸಂತೆಯಲ್ಲಿ ದಿನಾ ಕಾಣುವ ಮುಖಗಳು. ಕೆನ್ನೆಯ ಗುಳಿ, ಕಿವಿಯ ಮೇಲೆ ಸಿಕ್ಕಿಸಿದ ಬೀಡಿ, ಸುತ್ತಿದ ರುಮಾಲಿನ ಸಡಿಲ ಎಲ್ಲವೂ ಧಾರವಾಡ ಸೀಮೆಯವು.

ನಡೆಯುವ ರೀತಿಗೆ ಒಂದೆರಡು ಸಲಹೆ. ಎಲ್ಲರ ಜೊತೆ ನೂಕುನುಗ್ಗಲಿನಲ್ಲಿ ಮುಂದೆ ಸಾಗಬೇಡಿ. ನಟ ರಾಜಕುಮಾರರ ಪಾತ್ರಗಳ ಶಿಲ್ಪಗಳಿರುವ ವೃತ್ತದಲ್ಲಿ ಯಾವಾಗಲೂ ಜನ, ಸೆಲ್ಫಿಯ ಗದ್ದಲ. ಅದನ್ನು ಕೊನೆಗಿಟ್ಟುಕೊಳ್ಳಿ. ಸಿಮೆಂಟಿಗೆ ಮಧ್ಯಾಹ್ನದ ಬಿಸಿಲು ಶತ್ರು, ಎಲ್ಲ ಮುಖಗಳನ್ನೂ ಚಪ್ಪಟೆ ಮಾಡಿಬಿಡುತ್ತದೆ. ಬೆಳಗಿನ ಓರೆ ಬೆಳಕಿನಲ್ಲಿ ಹಣೆಯ ಗೆರೆ ಎದ್ದು ಬರುತ್ತವೆ. ಒಂದು ಗುಂಪು ಆಯ್ದುಕೊಳ್ಳಿ, ಒಕ್ಕಲುತನದ್ದೋ ಕಸುಬಿನವರದ್ದೋ ಕುರಿಗಾರರದ್ದೋ, ಅದರ ಮುಂದೆಯೇ ನಿಂತುಬಿಡಿ. ಮುಖ ನೋಡಿ ಮುಗಿದ ಮೇಲೆ ಕೈ ನೋಡಿ. ಐರಣಿಯ ಕೊಟ್ಟಿಗೆಯಲ್ಲಿ ಕೂರಿಗೆಯ ಬಟ್ಟಲಿಗೆ ಬೆರಳು ತೂರಿಸಿ ಬಂದವರು ಹೊಲದ ಕೆಲಸದ ಶಿಲ್ಪವನ್ನು ನೋಡುವ ಬಗೆ ಬೇರೆ. ಹಗ್ಗ ಎಲ್ಲಿಂದ ಎಲ್ಲಿಗೆ ಕಟ್ಟಿದೆ, ಭಾರ ಯಾವ ಕಾಲಿನ ಮೇಲಿದೆ, ಬೀಜದ ಮುಷ್ಟಿ ಬಿಗಿಯೋ ಸಡಿಲವೋ ಎಂದು ಕಣ್ಣು ಹುಡುಕತೊಡಗುತ್ತದೆ. ಶಿಲ್ಪಿ ಗೆದ್ದಿರುವುದು ಅಥವಾ ರಾಜಿಯಾಗಿರುವುದು ಗೊತ್ತಾಗುವುದು ಅಲ್ಲಿಯೇ.

ಸಾಧ್ಯವಿದ್ದರೆ ಮನೆಯ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಶಾಲೆಯ ಮಕ್ಕಳು ಬಸ್ಸಿನಿಂದ ಇಳಿದು ಓಡುತ್ತ ನೋಡಿ ಮುಗಿಸುವ ಜಾಗದಲ್ಲಿ ಎಪ್ಪತ್ತು ದಾಟಿದವರು ಹೆಜ್ಜೆಗೊಂದು ತಕರಾರು ತೆಗೆಯುತ್ತಾರೆ. ನೊಗ ಇಷ್ಟು ಮೇಲಿರುವುದಿಲ್ಲ ಎನ್ನುತ್ತಾರೆ. ನಮ್ಮಲ್ಲಿ ಬೀಸುಕಲ್ಲಿನ ಗೂಟ ಹೀಗಿರಲಿಲ್ಲ ಎನ್ನುತ್ತಾರೆ. ಹೊಳೆಸಾಲಿನವರ ರೂಢಿ ಬೇರೆ, ಶಿಗ್ಗಾವಿ ಸವಣೂರು ಕಡೆಯವರದು ಬೇರೆ. ಒಂದು ಜಿಲ್ಲೆಯೊಳಗೇ ಇಷ್ಟು ವ್ಯತ್ಯಾಸ. ಸಿಮೆಂಟಿನ ತೋಟ ಅನಿವಾರ್ಯವಾಗಿ ಯಾವುದೋ ಒಂದು ರೂಢಿಯನ್ನು ಆಯ್ದುಕೊಂಡಿದೆ. ಉಳಿದವು ಇಂಥ ತಕರಾರುಗಳಲ್ಲಿ ಉಳಿದಿವೆ.

ಸಂಜೆಗೆ ಹೊತ್ತಿದ್ದರೆ ಬಂಕಾಪುರದ ಕೋಟೆಗೆ ಹೊರಳಿ. ಅಮೋಘವರ್ಷನ ದಂಡನಾಯಕ ಬಂಕೇಶನ ಹೆಸರಿನ ಊರು. ಕೋಟೆಯ 139 ಎಕರೆಯಲ್ಲಿ ಖಿಲಾರಿ ದನಗಳ ತಳಿ ಕೇಂದ್ರವಿದೆ, 2006ರಿಂದ ಅದೇ ಜಾಗ ನವಿಲುಧಾಮವೂ ಹೌದು. ಹಳೆಯ ಕಂದಕದ ಪೊದೆಗಳಲ್ಲಿ ನವಿಲು, ಬಯಲಿನಲ್ಲಿ ಬಿಳಿ ಖಿಲಾರಿ, ನಡುವೆ ಅರವತ್ತು ಕಂಬದ ನಗರೇಶ್ವರ ಗುಡಿ. ಇಲ್ಲಿ ಯಾರೂ ಯೋಜನೆ ಹಾಕದೆಯೇ ಕಲೆ, ದನ, ಹಕ್ಕಿ ಒಂದೇ ಗೋಡೆಯೊಳಗೆ ಕೂಡಿಕೊಂಡಿವೆ. ಐರಣಿಯ ಕೋಟೆಗೂ ಇಂಥದೊಂದು ಭಾಗ್ಯ ಬರಬಾರದೇ ಎಂದು ಆಸೆಪಡುವುದು ಸಹಜ. ಸವಣೂರಿನ ದೊಡ್ಡಹುಣಸೆ ಮರಗಳಿಗೂ ಸಮಯವಿದ್ದರೆ ಒಳ್ಳೆಯದು. ಆಫ್ರಿಕಾದಿಂದ ಯಾವಾಗಲೋ ಬಂದ ಆ ಬಾವೊಬಾಬ್‌ಗಳಲ್ಲಿ ಒಂದು 2023ರ ಮಳೆಗಾಲದಲ್ಲಿ ಉರುಳಿತು, ಜನ ಕ್ರೇನ್ ತಂದು ಅದನ್ನು ಮತ್ತೆ ನಿಲ್ಲಿಸಿದರು. ಬಿದ್ದ ಮರವನ್ನು ಸೌದೆ ಮಾಡದೆ ಎತ್ತಿ ನಿಲ್ಲಿಸಿದ ಊರು ಎಂಬ ಒಂದೇ ಕಾರಣಕ್ಕೆ ನನಗೆ ಸವಣೂರಿನ ಮೇಲೆ ಅಭಿಮಾನ.

ವಿಶ್ವವಿದ್ಯಾಲಯದ ಮಳಿಗೆಯಲ್ಲಿ ಪುಸ್ತಕ ಕೊಳ್ಳುವುದಿದ್ದರೆ ಗ್ರಾಮ ಚರಿತ್ರೆ ಕೋಶದ ಸಂಪುಟಗಳನ್ನು ಕೇಳಿ. ಕರ್ನಾಟಕದ ಹಳ್ಳಿಹಳ್ಳಿಯ ಚರಿತ್ರೆಯನ್ನು ಆಯಾ ಊರಿನವರಿಂದಲೇ ಕೇಳಿ ಬರೆಸುವ ಈ ಯೋಜನೆ ವಿಶ್ವವಿದ್ಯಾಲಯ ಕೈಹಾಕಿದ ಕೆಲಸಗಳಲ್ಲಿ ಎಲ್ಲಕ್ಕಿಂತ ದೊಡ್ಡದು, ನನ್ನ ಮಟ್ಟಿಗೆ ಅದರ ಯಾವ ಕಟ್ಟಡಕ್ಕಿಂತಲೂ ಎತ್ತರದ್ದು. ಊರಿನ ಹೆಸರು, ದೇವರು, ಜಾತ್ರೆ, ಕಸುಬು, ಶಾಸನ, ಹೀಗೆ ಕೇಳಬೇಕಾದದ್ದನ್ನು ಕೇಳಿ ಬರೆದುಕೊಳ್ಳುವ ಕೆಲಸ. ಇಂಥ ಕೋಶದಲ್ಲಿ ಒಂದು ಊರಿಗೆ ಸಿಗುವ ಜಾಗ ಕಡಿಮೆ. ಹಾಗಾಗಿ ಐರಣಿಯ ಕಡೆ ಹೋಗುವ ವಿದ್ಯಾರ್ಥಿಗಳಿಗೆ ಕೆಲವು ಪ್ರಶ್ನೆಗಳನ್ನು ನಾನೇ ಬರೆದುಕೊಡುತ್ತೇನೆ. ಹೊಳೆ ಹಾಯುವ ಜಾಗಗಳಿಗೆ ಒಂದೊಂದಕ್ಕೂ ಏನು ಹೆಸರು, ಯಾವ ತಿಂಗಳಿಂದ ಯಾವ ತಿಂಗಳವರೆಗೆ ಕಾಲಿಗೆ ಸಿಗುತ್ತಿದ್ದವು. ಹರಿಗೋಲು ಹಾಕುತ್ತಿದ್ದ ಮನೆತನ ಯಾವುದು, ಕೂಲಿ ಕಾಳಿನಲ್ಲೋ ರೊಕ್ಕದಲ್ಲೋ. ಆಚೆ ದಂಡೆಯಿಂದ ಮದುವೆಯಾಗಿ ಬಂದ ಹೆಂಗಸರು ತಮ್ಮ ಹಾಡುಗಳಲ್ಲಿ ಯಾವುದನ್ನು ತಂದರು, ಯಾವುದನ್ನು ಬಿಟ್ಟರು. ಹೊಳೆಯಲ್ಲಿ ಯಾವ ಯಾವ ಮೀನು ಸಿಗುತ್ತಿತ್ತು, ಯಾವುದು ಯಾವ ವರ್ಷದಿಂದ ಸಿಗದಾಯಿತು. ಬಿತ್ತುಗೈಗೆ ಹೆಸರಾಗಿದ್ದ ಹೆಂಗಸರು ಇನ್ನೂ ಎಷ್ಟು ಜನ ಇದ್ದಾರೆ. ಇದ್ದರೆ ಅವರ ಕೈಯನ್ನು ವಿಡಿಯೋದಲ್ಲಿ ಹಿಡಿಯಿರಿ, ಮುಖ ಬರದಿದ್ದರೂ ಚಿಂತೆಯಿಲ್ಲ.